ಡಿಸ್ಕ್ ಡ್ರೈವರ್: ‘ಬರೆದಾಯಿತು’ ಎಂಬ ಮಾತಿನ ಇತಿಹಾಸ

ಯರಗಟ್ಟಿ ಇಂದು ತಾಲೂಕು ಕೇಂದ್ರ. 2000ನೇ ಇಸವಿಯ ಆಸುಪಾಸಿನಲ್ಲಿ ಅದು ಸವದತ್ತಿ ತಾಲೂಕಿಗೆ ಸೇರಿದ ಊರಾಗಿತ್ತು. ಆಗ ಇಲ್ಲಿಯ ರೈತನಿಗೆ ತನ್ನ ಹೊಲದ ಉತಾರ ಬೇಕಾದರೆ ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ತಲಾಠಿ ಊರಲ್ಲಿದ್ದರೆ ಕೆಲಸ ಆಯಿತು, ಇಲ್ಲದಿದ್ದರೆ ಮತ್ತೊಂದು ದಿನ. ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಯಾವ ಬೆಳೆ, ಸೊಸಾಯಿಟಿಯ ಬೋಜಾ ಎಷ್ಟು ಎಂಬುದೆಲ್ಲವೂ ಕೈಬರಹದ ವಹಿಗಳಲ್ಲಿ ಇರುತ್ತಿತ್ತು. ಇಡೀ ರಾಜ್ಯದಲ್ಲಿ ಇಂತಹ ವಹಿಗಳನ್ನು ಕಾಯುತ್ತಿದ್ದವರು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರು.

ಅದೇ ಹೊತ್ತಿಗೆ ಕರ್ನಾಟಕದ ಕಂದಾಯ ಇಲಾಖೆಯು ಎನ್.ಐ.ಸಿ. ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ ‘ಭೂಮಿ’ ಯೋಜನೆಯನ್ನು ಜಾರಿಗೆ ತಂದಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಸಿಗತೊಡಗಿತು. 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಯರಗಟ್ಟಿಯ ರೈತ ಮುನವಳ್ಳಿ ದಾಟಿ ಸವದತ್ತಿಗೆ ಹೋಗಿ ಸರದಿಯಲ್ಲಿ ನಿಂತು ಕಾಗದ ತರುತ್ತಿದ್ದ.

ಈ ಬದಲಾವಣೆಯ ಬಗ್ಗೆ ಅನೇಕರು ಬರೆದಿದ್ದಾರೆ. ಲಂಚ ಕಡಿಮೆಯಾಯಿತೇ, ಬಡವನಿಗೆ ಅನುಕೂಲವಾಯಿತೇ ಎಂಬ ಚರ್ಚೆಗಳು ನಡೆದಿವೆ. ಆದರೆ ಒಂದು ಸಣ್ಣ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ವಾರಸಾ ಅರ್ಜಿ ಕೊಟ್ಟಿದ್ದಾಳೆ ಎಂದು ಇಟ್ಟುಕೊಳ್ಳೋಣ. ಗುಮಾಸ್ತರು ಆಕೆಯ ಹೆಸರನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಗುಂಡಿ ಒತ್ತಿದರು. ಪರದೆಯ ಮೇಲೆ ‘ಆಯಿತು’ ಎಂದು ಬಂತು. ಮರುಕ್ಷಣ ಕರೆಂಟು ಹೋಯಿತು. ಆಕೆಯ ಹೆಸರು ಈಗ ಎಲ್ಲಿದೆ? ವಹಿಯಲ್ಲಾದರೆ ಮಸಿ ಕಣ್ಣಿಗೆ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ‘ಬರೆದಾಯಿತು’ ಎಂಬ ಮಾತಿಗೆ ಹೊಣೆ ಯಾರು?

ಆ ಹೊಣೆಯಲ್ಲಿ ದೊಡ್ಡ ಪಾಲು ಹೊತ್ತಿರುವುದು ಆಪರೇಟಿಂಗ್ ಸಿಸ್ಟಂನ ಒಳಗಿರುವ ಡಿಸ್ಕ್ ಡ್ರೈವರ್ ಎಂಬ ಒಂದು ಚಿಕ್ಕ ತಂತ್ರಾಂಶ. ಅದರ ಕೆಲಸವೇನು, ಅದು ಹೇಗೆ ಬೆಳೆದು ಬಂತು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಡ್ರೈವರ್ ಎಂದರೆ ಯಾರು?

ಕಂಪ್ಯೂಟರಿನ ಎಲ್ಲ ಕೆಲಸಗಳನ್ನು ನಿಯಂತ್ರಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್ ಇವು ಅದಕ್ಕೆ ಉದಾಹರಣೆಗಳು. ಅದರ ಒಳತಿರುಳಿಗೆ ಕರ್ನಲ್ ಎಂದು ಹೆಸರು. ಯಂತ್ರದ ಭಾಗಗಳನ್ನು ನೇರವಾಗಿ ಮುಟ್ಟುವ ಅಧಿಕಾರ ಕರ್ನಲ್‌ಗೆ ಮಾತ್ರ ಇದೆ. ನಾವು ಬಳಸುವ ಉಳಿದ ತಂತ್ರಾಂಶಗಳು ಕರ್ನಲ್‌ಗೆ ಅರ್ಜಿ ಹಾಕಿಕೊಳ್ಳಬೇಕು.

ತಾಲೂಕು ಕಚೇರಿಯನ್ನೇ ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಅರ್ಜಿದಾರನು ನೇರವಾಗಿ ದಫ್ತರ ಕೋಣೆಗೆ ನುಗ್ಗಿ ಕಡತ ಎಳೆಯುವಂತಿಲ್ಲ. ಕಿಂಡಿಯಲ್ಲಿ ಅರ್ಜಿ ಕೊಡಬೇಕು. ಒಳಗೆ ಒಬ್ಬ ಗುಮಾಸ್ತ ಅದು ಯಾವ ಊರಿನ ಯಾವ ಕಡತ ಎಂದು ಗುರುತಿಸುತ್ತಾನೆ. ಕೊನೆಗೆ ದಫ್ತರ ಕೋಣೆಯ ನೌಕರ ಯಾವ ಕಪಾಟು, ಯಾವ ಸಾಲು ಎಂದು ನೋಡಿ ಕಡತ ತೆಗೆಯುತ್ತಾನೆ. ಕಪಾಟುಗಳ ಗುಟ್ಟು ಅವನೊಬ್ಬನಿಗೇ ಗೊತ್ತು. ಹಳೆಯ ಕಪಾಟು ಹೋಗಿ ಹೊಸದು ಬಂದರೆ ಅವನು ಹೊಸದನ್ನು ಕಲಿಯಬೇಕು. ಕಿಂಡಿಯ ಮುಂದೆ ನಿಂತ ರೈತನಿಗೆ ಅದರ ಗೊಡವೆಯೇ ಇಲ್ಲ.

ಕರ್ನಲ್‌ನಲ್ಲಿ ಕಿಂಡಿಯ ಜಾಗದಲ್ಲಿರುವುದು ಸಿಸ್ಟಂ ಕಾಲ್. ಕಡತ ಗುರುತಿಸುವ ಗುಮಾಸ್ತನ ಜಾಗದಲ್ಲಿರುವುದು ಫೈಲ್ ಸಿಸ್ಟಂ. ದಫ್ತರ ಕೋಣೆಯ ನೌಕರನೇ ಡಿಸ್ಕ್ ಡ್ರೈವರ್. ‘ಇಷ್ಟನೆಯ ಬ್ಲಾಕನ್ನು ಓದು’, ‘ಇಷ್ಟನೆಯ ಬ್ಲಾಕಿನಲ್ಲಿ ಇದನ್ನು ಬರೆ’ ಎಂಬ ಸರಳ ಆಜ್ಞೆಗಳನ್ನು ನಿರ್ದಿಷ್ಟ ಕಂಪನಿಯ ನಿರ್ದಿಷ್ಟ ಯಂತ್ರಕ್ಕೆ ಅರ್ಥವಾಗುವ ಸಂಕೇತಗಳಾಗಿ ಬದಲಿಸುವುದು, ಕೆಲಸ ಮುಗಿಯಿತೋ ಕೆಟ್ಟಿತೋ ಎಂದು ಮೇಲಿನವರಿಗೆ ವರದಿ ಮಾಡುವುದು ಇವೇ ಅದರ ಕರ್ತವ್ಯ. ಇದರಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ್ದು ಎಂಬುದನ್ನು ಇತಿಹಾಸವೇ ತೋರಿಸಿಕೊಟ್ಟಿದೆ.

ಒಂದು ಟನ್ ತೂಕದ ಡಿಸ್ಕ್

ಮೊದಮೊದಲು ಕಂಪ್ಯೂಟರುಗಳು ಮಾಹಿತಿಯನ್ನು ರಂಧ್ರದ ಕಾರ್ಡು ಮತ್ತು ಟೇಪುಗಳಲ್ಲಿ ಇಡುತ್ತಿದ್ದವು. ಟೇಪಿನ ಕೊನೆಯಲ್ಲಿರುವುದು ಬೇಕಾದರೆ ಇಡೀ ಟೇಪನ್ನು ಸುತ್ತಬೇಕು. 1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ‘ರಾಮಾಕ್’ ಎಂಬ ಯಂತ್ರದೊಡನೆ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅವು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಇಡೀ ಘಟಕದ ತೂಕ ಸುಮಾರು ಒಂದು ಟನ್. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಗಳಿಗೆ ಅದು ಸಾಲದು. ಆದರೂ ಬೇಕಾದ ಜಾಗಕ್ಕೆ ನೇರವಾಗಿ ಹೋಗಿ ಓದುವ ಶಕ್ತಿ ಅದಕ್ಕಿತ್ತು.

ಆ ಕಾಲದಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಬರೆಯುವವನೇ ಯಾವ ತಟ್ಟೆ, ಯಾವ ಪಥ ಎಂದು ಲೆಕ್ಕ ಹಾಕಬೇಕಾಗಿತ್ತು. ಡಿಸ್ಕ್ ಬದಲಾದರೆ ಪ್ರೋಗ್ರಾಮನ್ನೂ ತಿದ್ದಬೇಕು. 1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಂ 360 ಎಂಬ ಕಂಪ್ಯೂಟರ್ ಕುಟುಂಬದಲ್ಲಿ ಈ ಪದ್ಧತಿ ಬದಲಾಯಿತು. ಡಿಸ್ಕಿಗೆ ಆಜ್ಞೆ ಕೊಡುವ ಸೂಚನೆಗಳನ್ನು ಸಾಮಾನ್ಯ ಪ್ರೋಗ್ರಾಂ ಬಳಸುವಂತಿಲ್ಲ, ಮೇಲ್ವಿಚಾರಕ ತಂತ್ರಾಂಶ ಮಾತ್ರ ಬಳಸಬಹುದು ಎಂಬ ನಿಯಮವನ್ನು ಯಂತ್ರದಲ್ಲೇ ಅಳವಡಿಸಲಾಯಿತು. ಒಬ್ಬನ ತಪ್ಪು ಮತ್ತೊಬ್ಬನ ಮಾಹಿತಿಯನ್ನು ಅಳಿಸಬಾರದು ಎಂಬುದು ಇದರ ಹಿಂದಿನ ವಿವೇಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಗಣಕ ಕೇಂದ್ರ ಆರಂಭವಾದಾಗ ಅಲ್ಲಿಗೆ ಬಂದದ್ದೂ ಇದೇ ಕುಟುಂಬದ 360/44 ಯಂತ್ರ.

ಡಿಸ್ಕಿನಿಂದ ಹುಟ್ಟಿದ ಯುನಿಕ್ಸ್

ಇಂದಿನ ಆಪರೇಟಿಂಗ್ ಸಿಸ್ಟಂಗಳಲ್ಲಿ ಬಹುಪಾಲಿಗೆ ಮೂಲಮಾದರಿ ಯುನಿಕ್ಸ್. ಅದು ಹುಟ್ಟಿದ್ದೇ ಒಂದು ಡಿಸ್ಕಿನ ಪ್ರಯೋಗದಿಂದ ಎಂಬುದು ಅನೇಕರಿಗೆ ತಿಳಿಯದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಅವರ ಕೈಗೆ ಯಾರೂ ಹೆಚ್ಚಾಗಿ ಬಳಸದ ಪಿಡಿಪಿ-7 ಎಂಬ ಹಳೆಯ ಯಂತ್ರ ಸಿಕ್ಕಿತು. ಅದರ ಡಿಸ್ಕಿನಿಂದ ಗರಿಷ್ಠ ವೇಗ ಪಡೆಯುವುದು ಹೇಗೆ, ಬಂದ ಕೋರಿಕೆಗಳನ್ನು ಯಾವ ಕ್ರಮದಲ್ಲಿ ಪೂರೈಸಬೇಕು ಎಂಬ ಪ್ರಯೋಗವನ್ನು ಅವರು ನಡೆಸಿದ್ದರು. ಅದನ್ನು ಪರೀಕ್ಷಿಸಲು ಬೇಕಾದ ತಂತ್ರಾಂಶ ಬರೆಯುತ್ತ ಹೋದಾಗ, ಇನ್ನು ಮೂರು ವಾರ ದುಡಿದರೆ ಪೂರ್ಣ ಆಪರೇಟಿಂಗ್ ಸಿಸ್ಟಮೇ ಸಿದ್ಧವಾಗುತ್ತದೆ ಎಂದು ಅವರಿಗೆ ಹೊಳೆಯಿತು. ಪತ್ನಿ ಮಗುವಿನೊಡನೆ ಊರಿಗೆ ಹೋಗಿದ್ದ ಆ ಬಿಡುವಿನಲ್ಲಿ ಅದನ್ನು ಮುಗಿಸಿದರು.

ಯುನಿಕ್ಸ್ ಎರಡು ಮಹತ್ವದ ವಿಚಾರಗಳನ್ನು ನೆಲೆಗೊಳಿಸಿತು. ಮೊದಲನೆಯದು, ಡಿಸ್ಕೂ ಸೇರಿದಂತೆ ಪ್ರತಿಯೊಂದು ಸಾಧನವನ್ನೂ ಒಂದು ಫೈಲಿನಂತೆ ಕಾಣುವುದು. ಎರಡನೆಯದು, ಡಿಸ್ಕಿಗೂ ಪ್ರೋಗ್ರಾಮಿಗೂ ನಡುವೆ ಮೆಮೊರಿಯಲ್ಲಿ ಒಂದು ತಾತ್ಕಾಲಿಕ ಕಪಾಟು ಇಡುವುದು. ಇದಕ್ಕೆ ಬಫರ್ ಕ್ಯಾಶ್ ಎಂದು ಹೆಸರು. 1975ರ ಆರನೇ ಆವೃತ್ತಿಯಲ್ಲಿ ತಲಾ 512 ಬೈಟಿನ 15 ಬಫರುಗಳಷ್ಟೇ ಇದ್ದವು. ಪ್ರೋಗ್ರಾಂ ‘ಬರೆ’ ಎಂದಾಗ ಕರ್ನಲ್ ಮೊದಲು ಅದನ್ನು ಬಫರಿನಲ್ಲಿಟ್ಟು ‘ಆಯಿತು’ ಎನ್ನುತ್ತಿತ್ತು. ಮೆಮೊರಿಯಲ್ಲಿದ್ದದ್ದನ್ನು ಸುಮಾರು 30 ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸಲು ಬೇರೊಂದು ಪ್ರೋಗ್ರಾಂ ಇತ್ತು. ವೇಗ ಹೆಚ್ಚಿತು, ನಿಜ. ಆದರೆ ‘ಆಯಿತು’ ಎಂಬ ಮಾತಿಗೂ ನಿಜವಾಗಿ ಬರೆಯುವುದಕ್ಕೂ ನಡುವೆ ಮೊದಲ ಬಿರುಕು ಬಿದ್ದದ್ದೂ ಇಂತಹ ಕಪಾಟಿನಿಂದಲೇ.

ಇಲ್ಲಿ ಶಿಕ್ಷಕರೊಬ್ಬರನ್ನು ನೆನೆಯಲೇಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅವರು ಯುನಿಕ್ಸ್ ಕರ್ನಲ್‌ನ ಸುಮಾರು ಒಂಬತ್ತು ಸಾವಿರ ಸಾಲುಗಳನ್ನು ಮುದ್ರಿಸಿ, ತಮ್ಮ ವಿದ್ಯಾರ್ಥಿಗಳಿಗಾಗಿ ಅದಕ್ಕೆ ಭಾಷ್ಯ ಬರೆದರು. ಆರ್‌ಕೆ ಎಂಬ ಡಿಸ್ಕಿನ ಡ್ರೈವರಿಗೂ ಅದರಲ್ಲಿ ಒಂದು ಅಧ್ಯಾಯವಿತ್ತು. ಕಾನೂನಿನ ತೊಡಕಿನಿಂದಾಗಿ ಆ ಪುಸ್ತಕ ಬಹಿರಂಗವಾಗಿ ಪ್ರಕಟವಾದದ್ದು 1996ರಲ್ಲಿ. ಅಲ್ಲಿಯವರೆಗೆ ಜಗತ್ತಿನ ನಾನಾ ಕಡೆ ವಿದ್ಯಾರ್ಥಿಗಳು ಝೆರಾಕ್ಸ್ ಪ್ರತಿಯ ಮೇಲೆ ಝೆರಾಕ್ಸ್ ಮಾಡಿಕೊಂಡು ಓದಿದರು. ಕರ್ನಲ್ ಎಂಬುದು ಓದಿ ತಿಳಿಯಬಹುದಾದ ಗ್ರಂಥವೇ ಹೊರತು ಮಾಯಾವಿದ್ಯೆ ಅಲ್ಲ ಎಂಬ ಧೈರ್ಯವನ್ನು ಒಂದು ತಲೆಮಾರಿಗೆ ಕೊಟ್ಟದ್ದು ಆ ಶಿಕ್ಷಕರ ಶ್ರಮ.

ಒಂದು ಬ್ಲಾಕಿನ ಪ್ರಯಾಣ

ಡ್ರೈವರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈಗ ಹಂತಹಂತವಾಗಿ ನೋಡೋಣ. ತಾಯಿಯ ಹೆಸರನ್ನು ಬರೆಯುವ ಕೋರಿಕೆ ಫೈಲ್ ಸಿಸ್ಟಮನ್ನು ದಾಟಿ, ‘ಇಂತಿಷ್ಟನೆಯ ಬ್ಲಾಕ್’ ಎಂಬ ರೂಪದಲ್ಲಿ ಡ್ರೈವರಿನ ಸರದಿಗೆ ಬಂದು ಸೇರುತ್ತದೆ. ಸರದಿಯಲ್ಲಿ ಇನ್ನೂ ಹತ್ತಾರು ಕೋರಿಕೆಗಳಿರುತ್ತವೆ.

ತಿರುಗುವ ಡಿಸ್ಕಿನಲ್ಲಿ ಓದುವ ತೋಳು ಒಂದು ಪಥದಿಂದ ಇನ್ನೊಂದಕ್ಕೆ ಸರಿಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೇ 8 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಪ್ರೊಸೆಸರ್ ಲಕ್ಷಾಂತರ ಲೆಕ್ಕಗಳನ್ನು ಮುಗಿಸಿರುತ್ತದೆ. ಆದ್ದರಿಂದ ಕೋರಿಕೆಗಳನ್ನು ಬಂದ ಕ್ರಮದಲ್ಲೇ ಪೂರೈಸಿದರೆ ತೋಳು ಅತ್ತಿಂದಿತ್ತ ಓಡಾಡಿಯೇ ಹೊತ್ತು ಕಳೆಯುತ್ತದೆ. ಬೆಳಗಾವಿಯಿಂದ ಬಾಗಲಕೋಟೆಗೆ ಹೊರಟ ಬಸ್ಸನ್ನು ನೆನೆಯಿರಿ. ಅದು ನೇಸರಗಿ, ಯರಗಟ್ಟಿ, ಲೋಕಾಪುರ ಎಂದು ದಾರಿಯ ಕ್ರಮದಲ್ಲಿ ನಿಲ್ಲುತ್ತದೆ. ಮೊದಲು ಟಿಕೆಟ್ ತೆಗೆದವನು ಲೋಕಾಪುರದವನೆಂದು ಮೊದಲು ಲೋಕಾಪುರಕ್ಕೆ ಹೋಗಿ, ಆಮೇಲೆ ನೇಸರಗಿಗೆ ಹಿಂದಿರುಗುವುದಿಲ್ಲ. ಕರ್ನಲ್ ಕೂಡ ಕೋರಿಕೆಗಳನ್ನು ಬ್ಲಾಕಿನ ಕ್ರಮದಲ್ಲಿ ಜೋಡಿಸಿ ಡಿಸ್ಕಿಗೆ ಕಳಿಸುತ್ತದೆ. ಯಾರೊಬ್ಬರೂ ನಿಲ್ದಾಣದಲ್ಲೇ ಬಹಳ ಹೊತ್ತು ಕಾಯದಂತೆ ಪ್ರತಿ ಕೋರಿಕೆಗೂ ಒಂದು ಗಡುವನ್ನೂ ಇಡುವ ಪದ್ಧತಿ ಮುಂದೆ ಬಂತು.

ಸರದಿ ಬಂದಾಗ ಡ್ರೈವರ್ ಡಿಸ್ಕಿನ ನಿಯಂತ್ರಕಕ್ಕೆ ಮೂರು ಸಂಗತಿ ತಿಳಿಸುತ್ತದೆ: ಯಾವ ಬ್ಲಾಕ್, ಓದುವುದೋ ಬರೆಯುವುದೋ, ಮಾಹಿತಿ ಮೆಮೊರಿಯಲ್ಲಿ ಎಲ್ಲಿದೆ. ಇಷ್ಟು ಹೇಳಿ ಡ್ರೈವರ್ ಪಕ್ಕಕ್ಕೆ ಸರಿಯುತ್ತದೆ. ಕೋರಿಕೆ ಹಾಕಿದ ಪ್ರೋಗ್ರಾಮನ್ನು ಬೇಕಿದ್ದರೆ ಮಲಗಿಸಿ, ಪ್ರೊಸೆಸರ್ ಬೇರೆಯವರ ಕೆಲಸಕ್ಕೆ ಹೋಗುತ್ತದೆ. ನಿಯಂತ್ರಕವು ಪ್ರೊಸೆಸರಿನ ಸಹಾಯವಿಲ್ಲದೆ ತಾನೇ ಮೆಮೊರಿಯಿಂದ ಮಾಹಿತಿ ಎಳೆದುಕೊಳ್ಳುತ್ತದೆ. ಕೆಲಸ ಮುಗಿದಾಗ ಅದು ಇಂಟರಪ್ಟ್ ಎಂಬ ಗಂಟೆ ಬಾರಿಸುತ್ತದೆ. ಆಗ ಡ್ರೈವರಿನ ಇನ್ನೊಂದು ಭಾಗ ಎದ್ದು ಬಂದು ಫಲಿತಾಂಶ ನೋಡುತ್ತದೆ. ಸರಿಯಾಗಿದ್ದರೆ ಕಾದವರನ್ನು ಎಬ್ಬಿಸಿ ಮುಂದಿನ ಕೋರಿಕೆಯನ್ನು ಎತ್ತಿಕೊಳ್ಳುತ್ತದೆ. ತಪ್ಪಾಗಿದ್ದರೆ ಮತ್ತೆ ಕೆಲವು ಸಲ ಯತ್ನಿಸಿ, ಆಗದಿದ್ದರೆ ಮೇಲಕ್ಕೆ ದೋಷದ ವರದಿ ಕಳಿಸುತ್ತದೆ.

ಹೇಳಲು ಇಷ್ಟೇ. ಆದರೆ ಗಂಟೆ ಯಾವ ಕ್ಷಣದಲ್ಲಾದರೂ ಬಾರಿಸಬಹುದು, ಬಾರಿಸದೆಯೂ ಇರಬಹುದು. ಅರ್ಧ ಬರೆದು ಡಿಸ್ಕ್ ಕೈಕೊಡಬಹುದು. ಇಂತಹ ಪ್ರತಿಯೊಂದು ಸಂದರ್ಭಕ್ಕೂ ಉತ್ತರ ಬರೆದಿರಬೇಕು. 2001ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಕರ್ನಲ್‌ನ ದೋಷಗಳನ್ನು ಎಣಿಸಿದಾಗ, ಡ್ರೈವರುಗಳಲ್ಲಿ ಕೆಲವು ಬಗೆಯ ತಪ್ಪುಗಳ ಪ್ರಮಾಣ ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚಿರುವುದು ಕಂಡುಬಂತು. ಡ್ರೈವರ್ ಕರ್ನಲ್‌ನ ಒಳಗೇ ಇರುವುದರಿಂದ ಅದು ಎಡವಿದರೆ ಇಡೀ ಯಂತ್ರವೇ ಬೀಳುತ್ತದೆ. ವಿಂಡೋಸ್ ಪರದೆ ಒಮ್ಮೆಲೇ ನೀಲಿಯಾಗಿ ನಿಂತದ್ದನ್ನು ಕಂಡವರಿಗೆ ಇದರ ಅನುಭವವಿದೆ.

ಹೆಲ್ಸಿಂಕಿಯ ವಿದ್ಯಾರ್ಥಿ

1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಎಂಬ ಮೇಜಿನ ಕಂಪ್ಯೂಟರ್ 10 ಮೆಗಾಬೈಟ್ ಹಾರ್ಡ್ ಡಿಸ್ಕಿನೊಡನೆ ಬಂತು. ಡಿಸ್ಕ್ ಎಂಬುದು ದೊಡ್ಡ ಸಂಸ್ಥೆಗಳ ಸ್ವತ್ತಾಗಿದ್ದ ಕಾಲ ಹೋಗಿ ಮನೆಮನೆಗೆ ಬರತೊಡಗಿತು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಕಂಪ್ಯೂಟರಿಗಾಗಿ ಒಂದು ಕರ್ನಲ್ ಬರೆಯತೊಡಗಿದ. ಇದು ಬಹುಶಃ ಎಟಿ ಬಗೆಯ ಹಾರ್ಡ್ ಡಿಸ್ಕನ್ನು ಬಿಟ್ಟು ಬೇರೆ ಯಾವುದನ್ನೂ ಎಂದೂ ನಡೆಸಲಾರದು, ಏಕೆಂದರೆ ತನ್ನ ಬಳಿ ಇರುವುದು ಅದೊಂದೇ ಎಂದು ಆಗ ಅವನು ತಿಳಿಸಿದ್ದ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿ ಇದ್ದದ್ದೂ ಆ ಡಿಸ್ಕಿನ ಡ್ರೈವರ್ ಒಂದೇ.

ಆ ದಿನಗಳ ಒಂದು ಪ್ರಸಂಗವನ್ನು ಅವನೇ ಹೇಳಿಕೊಂಡಿದ್ದಾನೆ. ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಫೋನ್ ಹಚ್ಚಲು ಮೋಡೆಮಿಗೆ ಕಳಿಸಬೇಕಾದ ಸಂಕೇತಗಳನ್ನು ಅವನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿಬಿಟ್ಟ. ಯುನಿಕ್ಸ್ ಪದ್ಧತಿಯಲ್ಲಿ ಎರಡೂ ಫೈಲುಗಳಂತೆಯೇ ಕಾಣುವುದರಿಂದ ಒಂದು ಹೆಸರು ತಪ್ಪಿದರೆ ಸಾಕು. ಅದುವರೆಗೆ ಬಳಸುತ್ತಿದ್ದ ಮಿನಿಕ್ಸ್ ವ್ಯವಸ್ಥೆ ಅಳಿಸಿಹೋಯಿತು. ಅದನ್ನು ಮತ್ತೆ ಸ್ಥಾಪಿಸುವ ಬದಲು ತನ್ನದೇ ಲಿನಕ್ಸನ್ನು ಪೂರ್ಣಗೊಳಿಸಲು ಅವನು ನಿರ್ಧರಿಸಿದ. ಇಂದು ಆಂಡ್ರಾಯ್ಡ್ ಮೊಬೈಲುಗಳಿಂದ ಹಿಡಿದು ಜಗತ್ತಿನ ದೊಡ್ಡ ಸರ್ವರುಗಳವರೆಗೆ ಓಡುತ್ತಿರುವುದು ಆ ಕರ್ನಲ್‌ನ ಬೆಳೆದ ರೂಪವೇ.

ನಿಜವಾಗಿಯೂ ಬರೆದಾಯಿತೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕರ್ನಲ್‌ನ ಕ್ಯಾಶ್ ಇರುವುದರಿಂದ ಬರಹ ತಡವಾಗಿ ಡಿಸ್ಕಿಗೆ ಇಳಿಯುತ್ತದೆ ಎಂದೆವು. ಅದಕ್ಕೆ ಪರಿಹಾರವಾಗಿ ‘ನಾನು ಕಾಯುತ್ತೇನೆ, ಡಿಸ್ಕಿಗೆ ಇಳಿಸಿದ ಮೇಲೆಯೇ ಹೇಳು’ ಎನ್ನುವ ಎಫ್‌ಸಿಂಕ್ ಎಂಬ ಕೋರಿಕೆ ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿದೆ. ವಿಂಡೋಸ್‌ನಲ್ಲಿಯೂ ಅಂಥದೇ ಏರ್ಪಾಡಿದೆ. ಭೂದಾಖಲೆ, ಬ್ಯಾಂಕು ಮುಂತಾದ ಕಡೆ ಬಳಸುವ ಡೇಟಾಬೇಸ್‌ಗಳು ಇದನ್ನೇ ನಂಬಿವೆ. ಅವು ಯಾವ ಬದಲಾವಣೆಯನ್ನಾದರೂ ಮೊದಲು ಒಂದು ದಿನಚರಿಯಲ್ಲಿ ಬರೆದು, ಅದು ಡಿಸ್ಕಿಗೆ ಇಳಿದ ಮೇಲೆಯೇ ‘ಆಯಿತು’ ಎನ್ನುತ್ತವೆ. ಕರೆಂಟು ಹೋದರೆ ಮತ್ತೆ ಬಂದಾಗ ಆ ದಿನಚರಿ ನೋಡಿ ಸರಿಪಡಿಸಿಕೊಳ್ಳುತ್ತವೆ. ಇದೇ ತತ್ತ್ವದ ಮೇಲೆ 2001ರಲ್ಲಿ ಲಿನಕ್ಸಿಗೆ ಇಎಕ್ಸ್‌ಟಿ3 ಎಂಬ ಫೈಲ್ ಸಿಸ್ಟಂ ಸೇರಿತು.

ಆದರೆ ಇನ್ನೊಂದು ತೊಡಕು ಉಳಿದಿತ್ತು. ವೇಗದ ಪೈಪೋಟಿಯಲ್ಲಿ ಡಿಸ್ಕ್ ತಯಾರಕರು ಡಿಸ್ಕಿನ ಒಳಗೇ ಒಂದು ಚಿಕ್ಕ ಮೆಮೊರಿ ಇಟ್ಟರು. ಮಾಹಿತಿ ಆ ಮೆಮೊರಿಗೆ ಬಂದ ಕೂಡಲೇ ಡಿಸ್ಕ್ ‘ಬರೆದಾಯಿತು’ ಎಂದು ಗಂಟೆ ಬಾರಿಸುತ್ತದೆ. ತಟ್ಟೆಯ ಮೇಲೆ ಬರೆಯುವುದು ಆಮೇಲೆ, ಅದೂ ತನಗೆ ಅನುಕೂಲವಾದ ಕ್ರಮದಲ್ಲಿ. ಪಾಪ, ಡ್ರೈವರ್ ಅದನ್ನು ನಂಬಿ ಮೇಲಕ್ಕೆ ವರದಿ ಮಾಡುತ್ತದೆ. ಕರ್ನಲ್ ಡೇಟಾಬೇಸಿಗೆ ಹೇಳುತ್ತದೆ. ಡೇಟಾಬೇಸ್ ಗುಮಾಸ್ತರ ಪರದೆಗೆ ಹೇಳುತ್ತದೆ. ಗುಮಾಸ್ತರು ತಾಯಿಗೆ ಹೇಳುತ್ತಾರೆ. ಎಲ್ಲರೂ ಪ್ರಾಮಾಣಿಕರೇ, ಆದರೂ ಮಾತು ಸುಳ್ಳಾಗಬಹುದು.

ಇದಕ್ಕೆ ಡ್ರೈವರಿನ ಮಟ್ಟದಲ್ಲೇ ಪರಿಹಾರ ಬೇಕಾಯಿತು. ‘ನಿನ್ನ ಒಳಗಿನ ಮೆಮೊರಿಯನ್ನು ಖಾಲಿ ಮಾಡಿ ತಟ್ಟೆಗೆ ಇಳಿಸು, ಆಮೇಲೆ ಹೇಳು’ ಎಂಬ ಆಜ್ಞೆಯನ್ನು ಡಿಸ್ಕಿಗೆ ಕಳಿಸುವ ಏರ್ಪಾಡು ಲಿನಕ್ಸಿನ 2.6 ಸರಣಿಯ ಆವೃತ್ತಿಗಳಲ್ಲಿ ಬಂತು. ಅದಕ್ಕೆ ಬ್ಯಾರಿಯರ್, ಅಂದರೆ ಅಡ್ಡಗಟ್ಟು ಎಂದು ಹೆಸರಾಯಿತು. ಅಡ್ಡಗಟ್ಟಿನ ಹಿಂದಿನದು ಪೂರ್ತಿ ಇಳಿಯದೆ ಮುಂದಿನದು ಹೋಗುವಂತಿಲ್ಲ. ಇದರಿಂದ ವೇಗ ತಗ್ಗುತ್ತದೆಂದು ಇಎಕ್ಸ್‌ಟಿ3ರಲ್ಲಿ ಬಹುಕಾಲ ಇದನ್ನು ತಾನಾಗಿ ಚಾಲೂ ಇಟ್ಟಿರಲಿಲ್ಲ. 2008ರಲ್ಲಿ ಸಿದ್ಧವಾದ ಇಎಕ್ಸ್‌ಟಿ4 ಇದನ್ನು ಮೊದಲಿನಿಂದಲೇ ಚಾಲೂ ಇಟ್ಟಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅನ್ನು ಬೆಳೆಸುತ್ತಿರುವವರು ಒಂದು ಆತಂಕದ ಸಂಗತಿಯನ್ನು ಬೆಳಕಿಗೆ ತಂದರು. ಡಿಸ್ಕ್ ದೋಷದಿಂದ ಬರಹ ವಿಫಲವಾದಾಗ ಲಿನಕ್ಸ್ ಕರ್ನಲ್ ಅದನ್ನು ಒಮ್ಮೆ ಮಾತ್ರ ವರದಿ ಮಾಡುತ್ತಿತ್ತು. ಎರಡನೆಯ ಸಲ ‘ಈಗ ಡಿಸ್ಕಿಗೆ ಇಳಿಸು’ ಎಂದು ಕೇಳಿದರೆ ಇಳಿಸದಿದ್ದರೂ ‘ಆಯಿತು’ ಎನ್ನುತ್ತಿತ್ತು. ಮತ್ತೆ ಯತ್ನಿಸಿದರೆ ಸರಿಹೋಗುತ್ತದೆ ಎಂದು ವರ್ಷಗಳಿಂದ ನಂಬಿದ್ದ ಡೇಟಾಬೇಸ್ ತನ್ನ ರೀತಿಯನ್ನು ಬದಲಿಸಬೇಕಾಯಿತು. 2019ರ ಆವೃತ್ತಿಗಳಿಂದ ಪೋಸ್ಟ್‌ಗ್ರೆಸ್ ಇಂತಹ ದೋಷ ಕಂಡರೆ ಸುಮ್ಮನೆ ಮುಂದುವರಿಯದೆ, ತಾನೇ ನಿಂತು, ದಿನಚರಿಯನ್ನು ನೋಡಿ ಮೊದಲಿನಿಂದ ಎದ್ದುಕೊಳ್ಳುತ್ತದೆ. ಡಿಸ್ಕಿನ ಇತಿಹಾಸಕ್ಕೆ ಅರುವತ್ತು ವರ್ಷ ದಾಟಿದ ಮೇಲೂ ಆ ಒಂದು ಮಾತಿನ ಅರ್ಥದ ಬಗ್ಗೆ ನಿಪುಣರಲ್ಲೇ ಒಮ್ಮತ ಇರಲಿಲ್ಲ.

ನನ್ನದೇ ಒಂದು ಅನುಭವವನ್ನು ಇಲ್ಲಿ ಹೇಳಬಹುದು. ಒಮ್ಮೆ ಒಂದು ತರಗತಿಯ ಅಂಕಪಟ್ಟಿಯನ್ನು ಪೆನ್ ಡ್ರೈವಿಗೆ ನಕಲು ಮಾಡಿದೆ. ಪರದೆಯ ಮೇಲಿನ ಪಟ್ಟಿ ತುಂಬಿತು, ನಾನೂ ಬಸ್ಸಿನ ಆತುರದಲ್ಲಿ ಪೆನ್ ಡ್ರೈವ್ ಕಿತ್ತುಕೊಂಡು ಹೊರಟೆ. ಮರುದಿನ ನೋಡಿದರೆ ಫೈಲಿನ ಹೆಸರಿದೆ, ಒಳಗೆ ಏನೂ ಇಲ್ಲ. ಮೂಲ ಪ್ರತಿಯನ್ನು ಅದಾಗಲೇ ಅಳಿಸಿದ್ದೆ. ಮತ್ತೆ ಉತ್ತರ ಪತ್ರಿಕೆಗಳನ್ನು ತಂದು ಎರಡು ರಾತ್ರಿ ಕುಳಿತು ಪಟ್ಟಿ ಮಾಡಬೇಕಾಯಿತು. ಪೆನ್ ಡ್ರೈವ್ ತೆಗೆಯುವ ಮುನ್ನ ಅದನ್ನು ‘ಸುರಕ್ಷಿತವಾಗಿ ತೆಗೆ’ ಎಂಬ ಆಜ್ಞೆ ಏಕಿದೆ ಎಂಬುದು ಆಗ ಅರ್ಥವಾಯಿತು. ಕ್ಯಾಶಿನಲ್ಲಿರುವುದನ್ನು ಕೆಳಗಿಳಿಸು, ಆಮೇಲೆ ನನಗೆ ತಿಳಿಸು ಎಂದು ಡ್ರೈವರಿಗೆ ಹೇಳುವ ರೀತಿ ಅದು. ನನ್ನ ನಷ್ಟ ಎರಡು ರಾತ್ರಿಯ ನಿದ್ದೆ. ಅದೇ ತಪ್ಪು ಒಬ್ಬರ ಹೊಲದ ಉತಾರದಲ್ಲಿ ನಡೆದರೆ?

ತಿರುಗದ ಡಿಸ್ಕುಗಳ ಕಾಲ

ಇತ್ತೀಚಿನ ವರ್ಷಗಳಲ್ಲಿ ಡಿಸ್ಕಿನ ಸ್ವರೂಪವೇ ಬದಲಾಗಿದೆ. ಇದರ ಆರಂಭದ ಒಂದು ಹೆಜ್ಜೆಯಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ ಸಾಮಾನ್ಯ ಜನರಿಗಾಗಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿ 2001ರಲ್ಲಿ ಅದರ ಮಾದರಿಯನ್ನು ತೋರಿಸಿದರು. ಅದರಲ್ಲಿ ಓಡುತ್ತಿದ್ದುದು ಲಿನಕ್ಸ್. ತಿರುಗುವ ಡಿಸ್ಕ್ ಅದರಲ್ಲಿ ಇರಲಿಲ್ಲ, ಮಾಹಿತಿ ಇರುತ್ತಿದ್ದುದು ಫ್ಲಾಶ್ ಮೆಮೊರಿಯಲ್ಲಿ. ಕರ್ನಾಟಕ ಸರ್ಕಾರವು ಭೂದಾಖಲೆಯ ಮಾಹಿತಿ ಸಂಗ್ರಹಕ್ಕೆ ಇದನ್ನು ಬಳಸಿದ್ದೂ ಉಂಟು. ಆ ಉಪಕರಣ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಲಿನಕ್ಸ್ ಮತ್ತು ಫ್ಲಾಶ್ ಎಂಬ ಅದೇ ಜೋಡಿ ಇಂದು ಆಂಡ್ರಾಯ್ಡ್ ಮೊಬೈಲುಗಳಲ್ಲಿ ನಮ್ಮೆಲ್ಲರ ಜೇಬಿನಲ್ಲಿದೆ.

ಫ್ಲಾಶಿನಲ್ಲಿ ತೋಳೂ ಇಲ್ಲ, ತಟ್ಟೆಯೂ ಇಲ್ಲ. ಬಸ್ಸಿನ ಲೆಕ್ಕ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆದರೆ ಬರೆದ ಜಾಗದಲ್ಲಿ ಮತ್ತೆ ಬರೆಯಬೇಕಾದರೆ ಮೊದಲು ಒಂದು ದೊಡ್ಡ ತುಂಡನ್ನೇ ಅಳಿಸಬೇಕು, ಹೆಚ್ಚು ಸಲ ಅಳಿಸಿದರೆ ಅದು ಸವೆಯುತ್ತದೆ. ಅದರ ವೇಗಕ್ಕೆ ತಕ್ಕಂತೆ 2011ರಲ್ಲಿ ಎನ್‌ವಿಎಂಇ ಎಂಬ ಹೊಸ ಸಂಪರ್ಕ ವಿಧಾನ ಬಂತು. ಅದಕ್ಕೆ ಮೊದಲಿನ ವಿಧಾನದಲ್ಲಿ ಒಂದು ಡಿಸ್ಕಿಗೆ 32 ಕೋರಿಕೆಗಳ ಒಂದೇ ಸರದಿ ಇದ್ದರೆ, ಇದರಲ್ಲಿ 64 ಸಾವಿರದಷ್ಟು ಸರದಿಗಳಿಗೆ ಅವಕಾಶವಿದೆ. ಒಂದೇ ಕಿಂಡಿಯ ಕಚೇರಿಯಲ್ಲಿ ಹಲವು ಕಿಂಡಿಗಳನ್ನು ತೆರೆದಂತೆ. ಇದಕ್ಕಾಗಿ ಲಿನಕ್ಸಿನ ಒಳಗಿನ ಏರ್ಪಾಡನ್ನೂ ಹೊಸದಾಗಿ ಕಟ್ಟಬೇಕಾಯಿತು. 2014ರ ಆರಂಭದಲ್ಲಿ ಬಂದ 3.13ನೇ ಆವೃತ್ತಿಯಲ್ಲಿ ಹಲವು ಸರದಿಗಳ ಪದ್ಧತಿ ಸೇರಿತು, 2019ರ 5.0ನೇ ಆವೃತ್ತಿಯಲ್ಲಿ ಹಳೆಯ ಒಂದೇ ಸರದಿಯ ಪದ್ಧತಿಯನ್ನು ಕೈಬಿಡಲಾಯಿತು.

ಈ ಕೆಲಸಗಳೆಲ್ಲ ಎಲ್ಲೋ ಹೊರದೇಶದಲ್ಲಿ ನಡೆಯುತ್ತವೆ, ನಮಗೇನು ಎಂದು ಯಾರೂ ಭಾವಿಸಬಾರದು. ಬೆಂಗಳೂರಿನ ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದ ಸುಪರ್ಣಾ ಭಟ್ಟಾಚಾರ್ಯ ಎಂಬ ಮಹಿಳೆ, ಪ್ರೋಗ್ರಾಂ ಕಾಯದೆಯೇ ಡಿಸ್ಕಿಗೆ ಕೋರಿಕೆ ಸಲ್ಲಿಸಿ ಮುಂದುವರಿಯುವ ವ್ಯವಸ್ಥೆಯ ಮೇಲೆ ಲಿನಕ್ಸ್ ಕರ್ನಲ್‌ನಲ್ಲಿ ದುಡಿದರು. 2003ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದಲ್ಲಿ ಸಹೋದ್ಯೋಗಿಗಳೊಡನೆ ಅದರ ಕುರಿತು ಪ್ರಬಂಧವನ್ನೂ ಪ್ರಕಟಿಸಿದರು. ನಮ್ಮ ಹೆಣ್ಣುಮಕ್ಕಳು ಕಂಪ್ಯೂಟರ್ ಕಲಿತರೆ ಡಾಟಾ ಎಂಟ್ರಿಯ ನೌಕರಿಗೆ ಸಾಕು ಎಂದು ಭಾವಿಸುವ ಪಾಲಕರು ಈ ಹೆಸರನ್ನು ಗಮನಿಸಬೇಕು.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, ಲಿನಕ್ಸ್ ಕರ್ನಲ್‌ನ ಪ್ರತಿಯೊಂದು ಸಾಲೂ ಇಂದು ಎಲ್ಲರಿಗೂ ಓದಲು ತೆರೆದಿದೆ. ಜಾನ್ ಲಯನ್ಸ್ ಅವರ ಕಾಲದವರಂತೆ ಝೆರಾಕ್ಸ್ ಪ್ರತಿಗಾಗಿ ಅಲೆಯಬೇಕಾಗಿಲ್ಲ. ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದುವವರು ಪ್ರೋಗ್ರಾಂ ಬರೆಯುವುದನ್ನು ಪರೀಕ್ಷೆಗಾಗಿ ಮಾತ್ರ ಕಲಿಯದೆ, ಒಂದು ಚಿಕ್ಕ ಡ್ರೈವರನ್ನು ತೆರೆದು ಓದಿ ನೋಡಿ. ಮೊದಲು ಅರ್ಥವಾಗದು, ಬೇಸರಿಸಬೇಡಿ. ಎಲ್ಲಿ ಕೋರಿಕೆ ಬರುತ್ತದೆ, ಎಲ್ಲಿ ಗಂಟೆ ಬಾರಿಸುತ್ತದೆ, ತಪ್ಪಾದಾಗ ಏನು ಮಾಡುತ್ತದೆ ಎಂದು ಈ ಮೂರನ್ನಷ್ಟೇ ಹುಡುಕಿ.

ಮೂರನೆಯದನ್ನು ವಿಶೇಷವಾಗಿ ನೋಡಿ. ಎಲ್ಲವೂ ಸರಿಯಿದ್ದಾಗ ಕೆಲಸ ಮಾಡುವ ಪ್ರೋಗ್ರಾಂ ಬರೆಯುವುದು ಕಷ್ಟವಲ್ಲ. ಕೆಲಸ ಕೆಟ್ಟಾಗ ಕೆಟ್ಟಿತೆಂದು ನಿಜ ಹೇಳುವ ಪ್ರೋಗ್ರಾಂ ಬರೆಯುವುದೇ ಕಷ್ಟ. ಹಿಂದೆ ವಹಿಯನ್ನು ಕಾಯುವ ತಲಾಠಿಯ ಪ್ರಾಮಾಣಿಕತೆಯ ಮೇಲೆ ಒಂದು ಊರಿನ ಹೊಲಗಳು ನಿಂತಿದ್ದವು. ಇಂದು ಆ ಜಾಗದಲ್ಲಿ, ಕಣ್ಣಿಗೆ ಕಾಣದೆ, ಕೆಲವು ಸಾವಿರ ಸಾಲುಗಳ ಡ್ರೈವರ್ ಕುಳಿತಿದೆ. ಅದನ್ನು ಬರೆದವರೂ ನಮ್ಮಂತಹ ಮನುಷ್ಯರೇ. ಮುಂದೆ ಅದನ್ನು ತಿದ್ದುವವರಲ್ಲಿ, ಉತಾರಕ್ಕಾಗಿ ಸವದತ್ತಿಯ ಕಿಂಡಿಯ ಮುಂದೆ ನಿಂತಿದ್ದ ರೈತರ ಮಕ್ಕಳೂ ಇರಲಿ ಎಂಬುದು ನನ್ನ ಆಸೆ.